‘ಕಂಪ್ಯೂಟರ್ ಬರುತ್ತಾ?’ ಅಂದರೆ ಏನು ಕೇಳುತ್ತಿದ್ದಾರೆ?

(ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಆಮೇಲೆ ಕೂತು ಬರೆದದ್ದು. ಮಧ್ಯೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೈಕ್ ಬೇಡ, ಹಿಂದಿನ ಬೆಂಚಿನವರಿಗೆ ಕೇಳಿಸುತ್ತಿದೆ ಅಲ್ವಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಟೀಚರ್ ಅಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ನಿಮ್ಮ ಹಾಗೇ ಕನ್ನಡ ಮಾಧ್ಯಮ, ಸರ್ಕಾರಿ ಕಾಲೇಜು, ಬಿ.ಕಾಂ. ಈಗ ಕೆಲವು ವರ್ಷಗಳಿಂದ ನಮ್ಮಲ್ಲಿ ಆಫೀಸ್ ಕೆಲಸಕ್ಕೆ ಜನ ತೆಗೆದುಕೊಳ್ಳುವಾಗ ನನ್ನನ್ನೂ ಕೂರಿಸುತ್ತಾರೆ. ಹಾಗಾಗಿ ಮೇಜಿನ ಆ ಕಡೆ ಕೂತವರು ಏನು ನೋಡುತ್ತಾರೆ ಅನ್ನೋದು ನನಗೆ ಗೊತ್ತು. ಅದನ್ನೇ ಹೇಳೋಣ ಅಂತ ಬಂದೆ.

ಇಂಟರ್‌ವ್ಯೂನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಕಂಪ್ಯೂಟರ್ ಬರುತ್ತಾ?’ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ‘ಬೇಸಿಕ್ ಬರುತ್ತೆ ಮೇಡಂ.’ ಈ ಬೇಸಿಕ್ ಅನ್ನೋ ಪದಕ್ಕೆ ಒಬ್ಬೊಬ್ಬರದು ಒಂದೊಂದು ಅರ್ಥ. ಒಬ್ಬ ಹುಡುಗ ಆರು ತಿಂಗಳ ಕೋರ್ಸಿನ ಸರ್ಟಿಫಿಕೇಟ್ ತಂದಿದ್ದ, ಲ್ಯಾಮಿನೇಷನ್ ಮಾಡಿಸಿ. ಕಂಪ್ಯೂಟರಿನ ಪಿತಾಮಹ ಯಾರು ಅಂದರೆ ಚಾರ್ಲ್ಸ್ ಬ್ಯಾಬೇಜ್ ಅಂತ ಥಟ್ಟನೆ ಹೇಳಿದ. ಐದು ತಲೆಮಾರುಗಳನ್ನೂ ಹೇಳಿದ, ವ್ಯಾಕ್ಯೂಮ್ ಟ್ಯೂಬಿನಿಂದ ಹಿಡಿದು. ಆಮೇಲೆ ಒಂದು ಫೈಲ್ ಕೊಟ್ಟು ‘ಇದನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ ನನಗೆ ಮೇಲ್ ಮಾಡಪ್ಪ’ ಅಂದೆ. ಅಲ್ಲಿಗೆ ನಿಂತುಹೋದ. ಅವನದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಪಾಪ, ಅವನಿಗೆ ಕಲಿಸಿದ್ದೇ ಅದು.

ಆಫೀಸಿನಲ್ಲಿ ಕಂಪ್ಯೂಟರ್ ಬರುತ್ತೆ ಅಂದರೆ ಇಷ್ಟೇ. ನೀವು ಮಾಡಿದ ಕೆಲಸ ಇನ್ನೊಬ್ಬರ ಕೈಗೆ ಹೋಗಬೇಕು. ಹೋದಾಗ ಅದು ತೆರೆಯಬೇಕು, ಓದಲು ಬರಬೇಕು, ಲೆಕ್ಕ ಸರಿಯಿರಬೇಕು, ಪ್ರಿಂಟ್ ಕೊಟ್ಟರೆ ನೆಟ್ಟಗೆ ಬರಬೇಕು. ನಿಮ್ಮ ಮೇಜಿನ ಮೇಲೆ ಚೆನ್ನಾಗಿ ಕಂಡು ಇನ್ನೊಬ್ಬರ ಮೇಜಿನ ಮೇಲೆ ಕೆಟ್ಟರೆ ಆ ಕೆಲಸ ಆದ ಹಾಗಲ್ಲ.

ನಾನು ಕೊಡುವ ಪರೀಕ್ಷೆ ಹೇಳುತ್ತೇನೆ, ಗುಟ್ಟೇನಿಲ್ಲ. ಒಂದು ಎಕ್ಸೆಲ್ ಫೈಲ್. ಅದರಲ್ಲಿ 60 ಜನರ ಹೆಸರು, ಫೋನ್ ನಂಬರ್, ದಿನಾಂಕ, ಕಟ್ಟಬೇಕಾದ ಹಣ, ಕಟ್ಟಿದ ಹಣ. ಬಾಕಿ ಎಷ್ಟು ಅಂತ ತೆಗೆಯಬೇಕು. ಜಾಸ್ತಿ ಬಾಕಿ ಇರುವವರು ಮೇಲೆ ಬರಬೇಕು. ಒಟ್ಟು ಹಾಕಬೇಕು. ಎ4 ಹಾಳೆಯಲ್ಲಿ ಎಲ್ಲ ಕಾಲಮ್ಮೂ ಒಟ್ಟಿಗೆ ಬರುವ ಹಾಗೆ ಪಿಡಿಎಫ್ ಮಾಡಿ ಮೇಲ್ ಕಳಿಸಬೇಕು. ಸಮಯ 20 ನಿಮಿಷ. ನಾನು ಪಕ್ಕದಲ್ಲಿ ಕೂತು ಸುಮ್ನೆ ನೋಡುತ್ತಿರುತ್ತೇನೆ.

ಏನೇನು ನೋಡಿದ್ದೇನೆ ಗೊತ್ತಾ? ಒಬ್ಬಳು ಜೇಬಿನಿಂದ ಮೊಬೈಲ್ ತೆಗೆದು, ಕ್ಯಾಲ್ಕುಲೇಟರಿನಲ್ಲಿ 60 ಮೊತ್ತವನ್ನೂ ಕೂಡಿ, ಬಂದ ಉತ್ತರವನ್ನು ಎಕ್ಸೆಲ್ಲಿನ ಕೊನೆಯ ಮನೆಯಲ್ಲಿ, ಅಂದರೆ ಸೆಲ್‌ನಲ್ಲಿ, ಟೈಪ್ ಮಾಡಿದಳು. ನಗಬೇಡಿ. ಉತ್ತರ ಸರಿಯಾಗಿಯೇ ಇತ್ತು. ಆದರೆ ನಾಳೆ ಒಬ್ಬ ಬಂದು 500 ರೂಪಾಯಿ ಕಟ್ಟಿದ ಅನ್ನಿ. ಅವನ ಸಾಲು ಬದಲಾಗುತ್ತದೆ, ಕೆಳಗಿನ ಒಟ್ಟು ಬದಲಾಗೋದಿಲ್ಲ. ಸಮ್ ಸೂತ್ರ ಹಾಕಿದ್ದರೆ ಅದು ತಾನಾಗೇ ಬದಲಾಗುತ್ತಿತ್ತು. ಎಕ್ಸೆಲ್ ಇರೋದೇ ಅದಕ್ಕೆ. ಸಂಖ್ಯೆ ಬರೆಯೋದಕ್ಕೆ ಆಗಿದ್ದರೆ ಶೆಟ್ಟರ ಅಂಗಡಿಯ ಕೆಂಪು ಪುಸ್ತಕವೇ ಸಾಕಿತ್ತು.

ಈಗ ಒಂದು ಸಣ್ಣ ವಿಷಯದ ಹತ್ತಿರ ಹೋಗೋಣ. ನಾವೆಲ್ಲ ಹಣ ಬರೆಯುವಾಗ ಹೇಗೆ ಬರೆಯುತ್ತೇವೆ? ಐನೂರು ಅಂದರೆ 500, ಒಂದು ಓರೆ ಗೆರೆ, ಒಂದು ಅಡ್ಡ ಗೆರೆ. ಹಿಂದೆ ಯಾರೂ ಇನ್ನೊಂದು ಸೊನ್ನೆ ಸೇರಿಸದಿರಲಿ ಅಂತ. ಕಾಗದದ ಮೇಲೆ ಅದು ಒಳ್ಳೆ ಅಭ್ಯಾಸ. ಎಕ್ಸೆಲ್‌ನಲ್ಲಿ 500/- ಅಂತ ಹೊಡೆದಿರೋ, ಅದು ಹಣ ಅಲ್ಲ, ಅಕ್ಷರ. ಒಟ್ಟು ಹಾಕಿದಾಗ ಎಕ್ಸೆಲ್ ಅದನ್ನು ಬಿಟ್ಟೇ ಕೂಡುತ್ತದೆ. ಬೈಯೋದೂ ಇಲ್ಲ, ಹೇಳೋದೂ ಇಲ್ಲ. 60ರಲ್ಲಿ ನಾಲ್ಕು ಮನೆ ಹೀಗಿದ್ದರೆ ಒಟ್ಟು ಕಡಿಮೆ ಬರುತ್ತದೆ, ನೀವು ಅದನ್ನೇ ನಂಬಿ ಸಾಹೇಬರಿಗೆ ಕಳಿಸುತ್ತೀರಿ. ಮುಂದೆ ‘ರೂ.’ ಅಂತ ಸೇರಿಸಿ ಹೊಡೆದರೂ ಇದೇ ಕಥೆ.

ಪತ್ತೆ ಹಚ್ಚೋದು ಸುಲಭ. ಏನೂ ಮಾಡದೆ ಬಿಟ್ಟರೆ ಸಂಖ್ಯೆ ಮನೆಯ ಬಲಗಡೆಗೆ ಒರಗಿ ನಿಲ್ಲುತ್ತದೆ, ಅಕ್ಷರ ಎಡಗಡೆಗೆ. ಕಾಲಮ್ಮಿನ ಮೇಲೆ ಒಮ್ಮೆ ಕಣ್ಣಾಡಿಸಿ. ಎಲ್ಲರೂ ಬಲಕ್ಕಿದ್ದು ಒಬ್ಬ ಮಾತ್ರ ಎಡಕ್ಕೆ ನಿಂತಿದ್ದರೆ ಅವನೇ ಕಳ್ಳ. ದಿನಾಂಕಕ್ಕೂ ಇದೇ ಪರೀಕ್ಷೆ. ನಾವು ಕೈಯಲ್ಲಿ 25.6.2024 ಅಂತ ಚುಕ್ಕಿ ಇಟ್ಟು ಬರೆಯುತ್ತೇವೆ. ನಮ್ಮ ಕಡೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಎಕ್ಸೆಲ್ ಅದನ್ನು ದಿನಾಂಕ ಅಂತ ಒಪ್ಪೋದಿಲ್ಲ. ಓರೆ ಗೆರೆಯನ್ನೋ ಅಡ್ಡ ಗೆರೆಯನ್ನೋ ಹಾಕಿ. ಎಕ್ಸೆಲ್ ಒಳಗೆ ದಿನಾಂಕ ಅನ್ನೋದು ಬರೀ ಎಣಿಕೆ. 1900ರ ಜನವರಿ 1 ಅಂದರೆ 1, ಮಾರನೇ ದಿನ 2, ಹೀಗೇ ಸಾಗುತ್ತದೆ. ಅದಕ್ಕೇ ಒಂದು ದಿನಾಂಕದಿಂದ ಇನ್ನೊಂದನ್ನು ಕಳೆದರೆ ಎಷ್ಟು ದಿನ ಆಯ್ತು ಅಂತ ಸಿಗೋದು. ಚುಕ್ಕಿಯ ದಿನಾಂಕದಿಂದ ಏನನ್ನು ಕಳೆಯುತ್ತೀರಿ?

ಆಧಾರ್ ನಂಬರ್ ಹೊಡೆದವರಿಗೆ ಇನ್ನೊಂದು ಅನುಭವ ಆಗಿರುತ್ತದೆ. 12 ಅಂಕಿ ಹೊಡೆದು ಎಂಟರ್ ಒತ್ತಿದರೆ ಒಂದು ದಶಾಂಶ, ಒಂದು ‘ಇ’, ಒಂದು ಪ್ಲಸ್ ಬಂದು ಏನೋ ವಿಚಿತ್ರವಾಗಿ ಕಾಣುತ್ತದೆ. ಹೆದರಬೇಡಿ, ಅಂಕಿಗಳು ಒಳಗೆ ಕ್ಷೇಮವಾಗಿವೆ. ಆದರೆ 16 ಅಂಕಿಯ ಬ್ಯಾಂಕ್ ಖಾತೆ ನಂಬರ್ ಹೊಡೆದರೆ ಮಾತ್ರ ಹೆದರಬೇಕು. ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ನೆನಪಿಡುತ್ತದೆ, ಹದಿನಾರನೆಯದನ್ನು ಸೊನ್ನೆ ಮಾಡಿಬಿಡುತ್ತದೆ. ಯಾರದೋ ಸಂಬಳ ಹೋಗೋ ಖಾತೆ ಅದು. ಹಾಗಾಗಿ ಖಾತೆ ನಂಬರ್, ಆಧಾರ್, ಸೊನ್ನೆಯಿಂದ ಶುರುವಾಗುವ ಫೋನ್ ನಂಬರ್, ಇಂಥವನ್ನು ಹೊಡೆಯುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್, ಅಂದರೆ ಅಕ್ಷರ ಅಂತ ಮಾಡಿಟ್ಟುಕೊಳ್ಳಿ. ಕೂಡಿ ಕಳೆಯೋದಿಲ್ಲದ ನಂಬರೆಲ್ಲ ನಿಜದಲ್ಲಿ ಹೆಸರೇ ತಾನೆ?

ಅದೇ ಜಾತಿಯ ಇನ್ನೊಂದು ತಪ್ಪು ಐಎಫ್‌ಎಸ್‌ಸಿ ಕೋಡಿನಲ್ಲಿ ಆಗುತ್ತದೆ. ಅದು ಬ್ಯಾಂಕ್ ಶಾಖೆಯ ಗುರುತು, 11 ಅಕ್ಷರ. ಐದನೆಯದು ಯಾವಾಗಲೂ ಸೊನ್ನೆ. ಜನ ಅಲ್ಲಿ ಇಂಗ್ಲಿಷಿನ ‘ಓ’ ಅಕ್ಷರ ಹೊಡೆಯುತ್ತಾರೆ. ನೋಡಲು ಅಣ್ಣ ತಮ್ಮಂದಿರ ಹಾಗೆ ಇರುತ್ತವೆ.

ಈಗ ನನ್ನ ಕಥೆ. ಕೆಲಸಕ್ಕೆ ಸೇರಿ ಎರಡನೇ ತಿಂಗಳು. ಪ್ರಯಾಣ ಭತ್ಯೆಯ ಪಟ್ಟಿ ಕೊಟ್ಟು ಹೆಸರನ್ನು ಅಕ್ಷರಕ್ರಮದಲ್ಲಿ ಜೋಡಿಸು ಅಂದರು. ನಾನು ಹೆಸರಿನ ಕಾಲಮ್ ಒಂದನ್ನೇ ಗುರುತು ಮಾಡಿ ಸಾರ್ಟ್ ಒತ್ತಿದೆ. ಪರದೆಯ ಮೇಲೆ ಒಂದು ಪೆಟ್ಟಿಗೆ ಬಂದು ಕೇಳಿತು, ಪಕ್ಕದ ಕಾಲಮ್‌ಗಳನ್ನೂ ಸೇರಿಸಿಕೊಳ್ಳಲಾ ಅಂತ. ಇಂಗ್ಲಿಷಿನಲ್ಲಿ ಎರಡು ಸಾಲು. ಓದಲಿಲ್ಲ. ಯಾವುದೋ ಒಂದನ್ನು ಒತ್ತಿದರೆ ಪೆಟ್ಟಿಗೆ ಹೋಗುತ್ತಲ್ಲ, ಅಷ್ಟೇ ನನಗೆ ಬೇಕಾಗಿದ್ದು. ಹೆಸರೆಲ್ಲ ಚೆಂದವಾಗಿ ಜೋಡಿಸಿಕೊಂಡವು. ಹಣ ಇದ್ದಲ್ಲೇ ಇತ್ತು. ಸೇವ್ ಮಾಡಿ ಮುಚ್ಚಿದೆ. ಸಂಬಳದ ದಿನ ಒಬ್ಬ ಡ್ರೈವರಿಗೆ 180 ರೂಪಾಯಿ ಭತ್ಯೆ, ಆಫೀಸ್ ಬಿಟ್ಟು ಹೊರಗೇ ಹೋಗದ ಸ್ಟೋರ್ ಕೀಪರಿಗೆ ನಾಲ್ಕು ಸಾವಿರದ ಮೇಲೆ! ಒಟ್ಟು ಮೊತ್ತ ಸರಿಯಾಗಿಯೇ ಇದ್ದಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಹಳೇ ಪಟ್ಟಿಯ ಪ್ರಿಂಟ್ ಒಂದು ಮೇಲಿನವರ ಡ್ರಾಯರಿನಲ್ಲಿ ಇತ್ತು, ಅದು ಕಾಪಾಡಿತು. ಎರಡು ದಿನ ಕೂತು ಒಬ್ಬೊಬ್ಬರಿಗೂ ಸರಿಮಾಡಿದೆ. ಆ ಸ್ಟೋರ್ ಕೀಪರ್ ದುಡ್ಡು ವಾಪಸ್ ಕೊಡುವಾಗ ‘ಇನ್ನೊಂದ್ಸಲ ಹಿಂಗೇ ಮಾಡಮ್ಮ’ ಅಂದರು.

ಅವತ್ತಿನಿಂದ ನನಗೆ ಎರಡು ಅಭ್ಯಾಸ. ಪರದೆಯ ಮೇಲೆ ಪೆಟ್ಟಿಗೆ ಬಂದರೆ ಓದುತ್ತೇನೆ. ಇಂಗ್ಲಿಷ್ ಅರ್ಥವಾಗದಿದ್ದರೆ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡು ಆಮೇಲೆ ಒತ್ತುತ್ತೇನೆ. ಮತ್ತೆ ಯಾವ ಫೈಲ್ ಬಂದರೂ ಮೊದಲು ಒಂದು ನಕಲು ಮಾಡಿ, ಅಸಲನ್ನು ಪಕ್ಕಕ್ಕಿಟ್ಟು, ನಕಲಿನಲ್ಲಿ ಕೆಲಸ ಮಾಡುತ್ತೇನೆ.

ಒಂದು ಅಕ್ಷರ ತಪ್ಪಾದರೆ ಏನು ಮಹಾ ಅಂತ ಅನ್ನಿಸಬಹುದು. ನಿಮ್ಮಲ್ಲಿ ರೈತರ ಮಕ್ಕಳು ಜಾಸ್ತಿ. ಕೈಬರಹದ ಪಹಣಿ ಎಲ್ಲ 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂತು. ರಾಜ್ಯದ ಸುಮಾರು 2 ಕೋಟಿ ದಾಖಲೆ. ದೊಡ್ಡ ಕೆಲಸ, ಅದರಿಂದ ಉಪಕಾರವೂ ಆಯಿತು. ಆದರೆ ಪಹಣಿಯಲ್ಲಿ ಅಜ್ಜನ ಹೆಸರು ‘ಸಿದ್ದಯ್ಯ’ ಇದ್ದದ್ದು ‘ಸಿದ್ದಪ್ಪ’ ಆಗಿ ಕೂತಿದ್ದರೆ ಅದನ್ನು ತಿದ್ದಿಸಲು ಎಷ್ಟು ಸಲ ತಾಲ್ಲೂಕು ಆಫೀಸಿಗೆ ಅಲೆಯಬೇಕು ಅಂತ ನಿಮ್ಮ ಮನೆಯಲ್ಲೇ ಕೇಳಿ. ಹೊಡೆದವರಿಗೆ ಅದು ಒಂದೇ ಅಕ್ಷರ.

(ಇಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ: ‘ಮೇಡಂ, ನಾವು ಮೊಬೈಲಿನಲ್ಲಿ ಎಲ್ಲ ಮಾಡ್ತೀವಲ್ಲ. ಕಂಪ್ಯೂಟರ್ ಅಷ್ಟೊಂದು ಕಷ್ಟನಾ?’)

ಕಷ್ಟ ಅಲ್ಲ, ಬೇರೆ. ಮೊಬೈಲ್ ನಿಮಗೆ ಒಂದು ವಿಷಯ ಮುಚ್ಚಿಡುತ್ತದೆ. ಫೈಲ್ ಎಲ್ಲಿದೆ ಅನ್ನೋದನ್ನು. ವಾಟ್ಸಾಪಿನಲ್ಲಿ ಬಂತು, ವಾಟ್ಸಾಪಿನಲ್ಲೇ ತೆರೆಯಿತು, ಅಷ್ಟೇ. ಆಫೀಸಿನಲ್ಲಿ ಮೊದಲ ಪ್ರಶ್ನೆಯೇ ‘ಎಲ್ಲಿಟ್ಟಿದ್ದೀಯಾ?’ ಫೋಲ್ಡರನ್ನು ಸರ್ವೆ ನಂಬರಿನ ಹಾಗೆ ಯೋಚಿಸಿ. ಹೋಬಳಿ, ಅದರೊಳಗೆ ಗ್ರಾಮ, ಅದರೊಳಗೆ ಸರ್ವೆ ನಂಬರ್, ಅದರೊಳಗೆ ಹಿಸ್ಸಾ. ದಾರಿ ಗೊತ್ತಿದ್ದರೆ ಯಾರು ಬೇಕಾದರೂ ಆ ತುಂಡು ಜಮೀನಿಗೆ ಬಂದು ನಿಲ್ಲಬಹುದು. ವರ್ಷ, ಅದರೊಳಗೆ ತಿಂಗಳು, ಅದರೊಳಗೆ ಸಂಬಳದ ಪಟ್ಟಿ. ನೀವು ರಜೆಯಲ್ಲಿದ್ದಾಗ ಫೋನ್ ಮಾಡದೆ ಇನ್ನೊಬ್ಬರಿಗೆ ಸಿಗಬೇಕು. ಫೈಲಿನ ಹೆಸರೂ ಹಾಗೇ. ‘ಫೈನಲ್’, ‘ಫೈನಲ್ 2’, ‘ಫೈನಲ್ ಹೊಸದು’ ಅಂತ ಇಟ್ಟರೆ ದೇವರೇ ಗತಿ. ಹೆಸರಿನ ಶುರುವಿನಲ್ಲೇ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹಾಕಿ. 2025-03-07 ಅಂತ. ತಾವೇ ಸಾಲಾಗಿ ನಿಲ್ಲುತ್ತವೆ.

ವರ್ಡ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒಂದೇ ಮಾತು. ತಲೆಬರಹ ಮಧ್ಯಕ್ಕೆ ತರಲು ಸ್ಪೇಸ್ ಬಾರ್ ಕುಟ್ಟಬೇಡಿ. ಹೊಸ ಪುಟಕ್ಕೆ ಹೋಗಲು ಎಂಟರ್ ಕುಟ್ಟಬೇಡಿ. ಎರಡಕ್ಕೂ ಬೇರೆ ಗುಂಡಿ ಇದೆ. ಕುಟ್ಟಿ ಮಾಡಿದ್ದು ನಿಮ್ಮ ಪರದೆಯಲ್ಲಿ ಸರಿಯಾಗಿ ಕಾಣುತ್ತದೆ. ಮಧ್ಯೆ ಒಂದು ಸಾಲು ಸೇರಿಸಿದ ಕೂಡಲೇ ಎಲ್ಲ ಜಾರಿ ಹೋಗುತ್ತದೆ.

ಮೇಲ್ ಬರೆಯೋದು ನಿಮಗೆ ಗೊತ್ತೇ ಇದೆ, ಗೊತ್ತಿದೆ ಅಂತ ನಿಮಗೆ ಗೊತ್ತಿಲ್ಲ ಅಷ್ಟೇ. ಎಸ್‌ಎಸ್‌ಎಲ್‌ಸಿಯಲ್ಲಿ ಪತ್ರ ಲೇಖನ ಮಾಡಿದ್ದೀರಿ. ಇಂದ, ಗೆ, ವಿಷಯ, ಮಾನ್ಯರೇ. ಅದೇ ಇದು. ‘ಗೆ’ ಅಂದರೆ ಟು. ‘ವಿಷಯ’ ಅಂದರೆ ಸಬ್ಜೆಕ್ಟ್, ಅದನ್ನು ಖಾಲಿ ಬಿಟ್ಟು ಕಳಿಸುವವರೇ ಜಾಸ್ತಿ. ಸರ್ಕಾರಿ ಪತ್ರದ ಕೆಳಗೆ ‘ಪ್ರತಿ: ಮಾಹಿತಿಗಾಗಿ’ ಅಂತ ಹೆಸರು ಬರೆದಿರುತ್ತಾರಲ್ಲ, ಅದು ಸಿಸಿ. ಹಿಂದೆ ಟೈಪ್ ರೈಟರಿನಲ್ಲಿ ಕಾರ್ಬನ್ ಹಾಳೆ ಇಟ್ಟು ತೆಗೆದ ಪ್ರತಿಯ ಹೆಸರೇ ಉಳಿದುಕೊಂಡಿದೆ. ಬಿಸಿಸಿಯಲ್ಲಿ ಹಾಕಿದವರ ಹೆಸರು ಉಳಿದವರಿಗೆ ಕಾಣೋದಿಲ್ಲ. ಇನ್ನೂರು ಗ್ರಾಹಕರಿಗೆ ದೀಪಾವಳಿ ರಜೆಯ ಸುದ್ದಿ ಕಳಿಸುವಾಗ ಎಲ್ಲರ ವಿಳಾಸ ಎಲ್ಲರಿಗೂ ಹಂಚಬಾರದು, ಅಲ್ಲಿ ಅದು ಬೇಕು. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡ ಫೈಲ್ ಅಂಟಿಸಿ ಕಳಿಸಲು ಆಗೋದಿಲ್ಲ, ಲಿಂಕ್ ಕಳಿಸಬೇಕು. ಇನ್ನೊಂದು, ಅರ್ಜಿ ಹಾಕಲು ನಿಮ್ಮ ಹೆಸರಿನದೇ ಒಂದು ಮೇಲ್ ವಿಳಾಸ ಮಾಡಿಕೊಳ್ಳಿ. ಹೈಸ್ಕೂಲಿನಲ್ಲಿ ಹುಲಿ, ಡಾನ್, ಕಿಂಗ್ ಅಂತೆಲ್ಲ ಸೇರಿಸಿ ಮಾಡಿಕೊಂಡಿದ್ದನ್ನು ಗೆಳೆಯರಿಗೆ ಇಟ್ಟುಕೊಳ್ಳಿ.

ಇನ್ನು ನಿಮ್ಮ ಕೈಯಲ್ಲಿರುವ ಒಂದು ದೊಡ್ಡ ಅನುಕೂಲ. ಕನ್ನಡ. ಬೆಂಗಳೂರಿನಲ್ಲಿ ಎಕ್ಸೆಲ್ ಬರುವವರು ಬೇಕಾದಷ್ಟು ಸಿಗುತ್ತಾರೆ. ಕನ್ನಡದಲ್ಲಿ ಒಂದು ಪತ್ರವನ್ನು ತಪ್ಪಿಲ್ಲದೆ ಟೈಪ್ ಮಾಡುವವರು ಕಡಿಮೆ. ಖಾಸಗಿ ಕಂಪನಿಗೂ ಅದು ಬೇಕು. ಗ್ರಾಮ ಪಂಚಾಯಿತಿಗೆ ಅರ್ಜಿ, ಕಾರ್ಮಿಕರಿಗೆ ಸೂಚನಾ ಫಲಕದ ನೋಟಿಸು, ಎಲ್ಲ ಕನ್ನಡದಲ್ಲೇ. ಸರ್ಕಾರಿ ಕೆಲಸ ಅಂತೂ ಕೇಳೋದೇ ಬೇಡ. ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ 2012ರಲ್ಲೇ ಬಂದಿದೆ.

ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಉಚಿತ. ಕನ್ನಡ ಗಣಕ ಪರಿಷತ್ತು ಮಾಡಿದ್ದು. ಅದರ ಕೀಲಿಮಣೆಯ ಹಿಂದೆ ಕೆ.ಪಿ. ರಾವ್ ಅವರ ಜಾಣತನ ಇದೆ. ‘ಕೆ’ ಒತ್ತಿದರೆ ಕ. ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರಕ್ಕೆ ಮಧ್ಯೆ ‘ಎಫ್’. ಅಂದರೆ ‘ಅಕ್ಕ’ ಬೇಕಾದರೆ ಎ, ಕೆ, ಎಫ್, ಕೆ. ನಾಲ್ಕು ಹೊಡೆತ. ಕೈಯಲ್ಲಿ ಬರೆಯುವಾಗ ನಾವು ಹೇಗೆ ಯೋಚಿಸುತ್ತೇವೋ ಹಾಗೇ ಇದೆ. ದಿನಕ್ಕೆ ಅರ್ಧ ಗಂಟೆ ಕೂತರೆ ಒಂದು ತಿಂಗಳಲ್ಲಿ ಬೆರಳಿಗೆ ಹತ್ತುತ್ತದೆ. ಕೀಲಿಮಣೆ ನೋಡದೆ ಹೊಡೆಯೋದನ್ನೂ ಆಗಲೇ ಕಲಿತುಬಿಡಿ. ‘ಎಫ್’ ಮತ್ತು ‘ಜೆ’ ಮೇಲೆ ಸಣ್ಣ ಗೆರೆ ಉಬ್ಬಿರುತ್ತದೆ, ಮುಟ್ಟಿ ನೋಡಿ. ತೋರುಬೆರಳುಗಳ ಮನೆ ಅದು.

ಆದರೆ ಇಲ್ಲೊಂದು ಹಳ್ಳ ಇದೆ, ಎಷ್ಟೋ ಜನ ಬಿದ್ದಿದ್ದಾರೆ. ನುಡಿಯಲ್ಲಿ ಹಳೇ ಅಕ್ಷರಶೈಲಿ ಮತ್ತು ಯೂನಿಕೋಡ್ ಅಂತ ಎರಡು ದಾರಿ. ಹಳೇ ದಾರಿಯಲ್ಲಿ ನೀವು ಕನ್ನಡ ಹೊಡೆದರೂ ಕಂಪ್ಯೂಟರಿನ ಒಳಗೆ ಇರೋದು ಇಂಗ್ಲಿಷ್ ಮತ್ತು ಚಿತ್ರವಿಚಿತ್ರ ಗುರುತುಗಳು. ನುಡಿ ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ ವೇಷ ಕಳಚುತ್ತದೆ. ‘ಮಾನ್ಯರೇ’ ಅಂತ ಬರೆದಿದ್ದು ಅಲ್ಲಿ ಕೊಂಕು ಗುರುತುಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಕ ಅನ್ನೋದು ಒಳಗೂ ಕನ್ನಡದ ಕ, ಯಾವ ಫೋನಿನಲ್ಲಿ ತೆರೆದರೂ ಕ. ಹಾಗಾಗಿ ಹೊಸದಾಗಿ ಕಲಿಯುವವರು ಯೂನಿಕೋಡಿನಲ್ಲೇ ಕಲಿಯಿರಿ. ಆದರೆ ಹಳೇ ಆಫೀಸುಗಳಲ್ಲಿ, ಪ್ರೆಸ್‌ಗಳಲ್ಲಿ ಹಳೇ ಫೈಲುಗಳು ರಾಶಿ ಇವೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಪರಿವರ್ತಕ ಇದೆ, ಅದನ್ನು ಬಳಸೋದು ಗೊತ್ತಿದ್ದವರನ್ನು ಆಫೀಸಿನಲ್ಲಿ ದೇವರ ಹಾಗೆ ನೋಡುತ್ತಾರೆ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ.

(‘ಟ್ಯಾಲಿ ಕಲೀಬೇಕಾ?’ ಅಂತ ಬಿ.ಕಾಂ. ಕಡೆಯಿಂದ ಪ್ರಶ್ನೆ.)

ಬಿ.ಕಾಂ. ಆದರೆ ಕಲಿಯಿರಿ. ಲೆಕ್ಕಪತ್ರ ಇಡುವ ತಂತ್ರಾಂಶ ಅದು. 1986ರಲ್ಲಿ ಶುರುವಾದ ಕಂಪನಿಯದು, ಬೆಂಗಳೂರಿನದೇ. ಆದರೆ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಅಂತ ಗೊತ್ತಿಲ್ಲದೆ ಟ್ಯಾಲಿ ಕಲಿತರೆ ಗುಂಡಿ ಒತ್ತೋದು ಮಾತ್ರ ಬರುತ್ತದೆ. ಜೊತೆಗೆ ಒಂದು ಬಿಲ್ ಕೈಯಲ್ಲಿ ಹಿಡಿದು ಓದಲು ಕಲಿಯಿರಿ. ಜಿಎಸ್‌ಟಿ ನಂಬರ್ 15 ಅಕ್ಷರ, ಕರ್ನಾಟಕದ್ದಾದರೆ 29ರಿಂದ ಶುರು. ಮಾರಿದವರದು 33 ಅಂತ ಇದ್ದರೆ ಅವರು ತಮಿಳುನಾಡಿನವರು, ಆಗ ತೆರಿಗೆ ಸಾಮಾನ್ಯವಾಗಿ ಕೇಂದ್ರದ್ದು, ರಾಜ್ಯದ್ದು ಅಂತ ಎರಡು ಭಾಗವಾಗಿ ಬರೋದಿಲ್ಲ, ಒಂದೇ ಐಜಿಎಸ್‌ಟಿ ಆಗಿ ಬರುತ್ತದೆ. ಬಿಲ್ ನೋಡಿದ ಕೂಡಲೇ ಇದನ್ನು ಹೇಳಿದ ಒಬ್ಬ ಹುಡುಗನನ್ನು ನಾವು ಉಳಿದ ಪ್ರಶ್ನೆ ಕೇಳದೆ ತೆಗೆದುಕೊಂಡಿದ್ದೇವೆ.

(‘ಈಗ ಎಐ ಬಂದಿದೆ. ಸೂತ್ರ ಎಲ್ಲ ಅದೇ ಬರೆದುಕೊಡುತ್ತಲ್ಲ?’)

ಕೊಡುತ್ತದೆ. ನಾನೂ ಕೇಳುತ್ತೇನೆ. ಆದರೆ ನಾನಾಗಲೇ ಹೇಳಿದ 500/- ಇತ್ತಲ್ಲ, ಅದಕ್ಕೆ ಸರಿಯಾದ ಸೂತ್ರ ಹಾಕಿದರೂ ಉತ್ತರ ತಪ್ಪೇ ಬರೋದು. ಬಂದ ಉತ್ತರ ನೋಡಿ ‘ಇದು ಕಡಿಮೆ ಅನ್ನಿಸ್ತಿದೆಯಲ್ಲ’ ಅಂತ ಅನುಮಾನ ಪಡೋದಕ್ಕೆ ಒಬ್ಬರು ಬೇಕು. ಮತ್ತೆ, ಜನರ ಆಧಾರ್, ಸಂಬಳ ಇರುವ ಫೈಲನ್ನು ಕೇಳದೆ ಹೊರಗಿನ ಯಾವುದಕ್ಕೂ ಹಾಕಬೇಡಿ. ಕೆಲಸ ಹೋಗುತ್ತದೆ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಕೈ ಎತ್ತಿ. ಅಬ್ಬ, ಮುಕ್ಕಾಲು ಪಾಲು. ನನಗೂ ಇರಲಿಲ್ಲ. ಎಕ್ಸೆಲ್ ಥರದ ಕೆಲಸಕ್ಕೆ ಲಿಬ್ರೆ ಆಫೀಸ್ ಉಚಿತ, ಗೂಗಲ್ ಶೀಟ್ಸ್ ಉಚಿತ. ನಿಮ್ಮ ಕಾಲೇಜಿನ ಲ್ಯಾಬ್ ಇದೆ. ಆದರೆ ಪುಸ್ತಕದ ಅಭ್ಯಾಸ ಮಾಡಬೇಡಿ, ಬೇಜಾರಾಗುತ್ತದೆ. ನಿಜವಾದ ಲೆಕ್ಕ ಹಾಕಿ. ಊರಿನ ಡೇರಿಗೆ ನಿಮ್ಮ ಮನೆಯಿಂದ ಎರಡೂ ಹೊತ್ತು ಹಾಲು ಹೋಗುತ್ತಲ್ಲ, ಲೀಟರ್, ಫ್ಯಾಟ್, ದರ, ಎಲ್ಲ ಆ ಚೀಟಿಯಲ್ಲಿರುತ್ತದೆ. ಒಂದು ತಿಂಗಳಿನದು ತುಂಬಿಸಿ. ಬಟವಾಡೆಯ ದಿನ ಬಂದ ದುಡ್ಡಿಗೆ ನಿಮ್ಮ ಒಟ್ಟು ತಾಳೆ ಆಗುತ್ತಾ ನೋಡಿ. ತಾಳೆ ಆಗದಿದ್ದರೆ ಎಲ್ಲಿ ತಪ್ಪಿತು ಅಂತ ಹುಡುಕುತ್ತೀರಲ್ಲ, ಆ ಅರ್ಧ ಗಂಟೆಯಲ್ಲಿ ಕಲಿಯೋದು ಜಾಸ್ತಿ.

ಸರಿ, ಮಾತು ಸಾಕು. ಲ್ಯಾಬಿಗೆ ಹೋಗೋಣ ಬನ್ನಿ.

(ಲ್ಯಾಬಿನಲ್ಲಿ 18 ಕಂಪ್ಯೂಟರ್ ಓಡುತ್ತಿದ್ದವು. ಒಂದೊಂದಕ್ಕೆ ಮೂವರಂತೆ ಕೂತರು. 60 ಹೆಸರಿನ ಅದೇ ಪಟ್ಟಿ ಕೊಟ್ಟೆ. ಎಂಟನೇ ನಿಮಿಷಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹೋಗಿ ತಿಂಗಳಾಗಿತ್ತಂತೆ. ಕತ್ತಲಲ್ಲಿ ‘ಅಯ್ಯೋ’ ಅಂತ ಒಂದು ದೊಡ್ಡ ಕೂಗು. ಯಾರು ಯಾರು ಸೇವ್ ಮಾಡಿದ್ದಿರಿ ಅಂತ ಕೇಳಿದೆ. ಮೂರು ಕಂಪ್ಯೂಟರಿನವರು ಕೈ ಎತ್ತಿದರು. ಅದರಲ್ಲಿ ಒಂದರ ಮುಂದೆ ಕೂತಿದ್ದ ಹುಡುಗಿ, ‘ನಮ್ಮೂರಲ್ಲಿ ಕರೆಂಟ್ ಹಿಂಗೇ ಮೇಡಂ, ಅಭ್ಯಾಸ ಆಗಿದೆ’ ಅಂದಳು. ಕರೆಂಟ್ ಬಂದದ್ದು ಹನ್ನೆರಡೂವರೆಗೆ. ಉಳಿದ 15 ಕಂಪ್ಯೂಟರಿನವರು ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದರು.)